ನಿಂತ ಕಟ್ಟಡವೆಲ್ಲ ಸುರಕ್ಷಿತವೇ?

ಭೂಕಂಪ ಸಂಭವಿಸಿದ ಮರುದಿನದಿಂದ ನಮ್ಮಲ್ಲಿ ಎರಡು ಲೆಕ್ಕಗಳು ಆರಂಭವಾಗುತ್ತವೆ. ಒಂದು ಸತ್ತವರ ಲೆಕ್ಕ, ಇನ್ನೊಂದು ಉರುಳಿದ ಕಟ್ಟಡಗಳ ಲೆಕ್ಕ. ಉರುಳದೆ ಉಳಿದವುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜಿನಿಯರರೊಬ್ಬರು ಬಂದು, ಗೋಡೆಗಳ ಮೇಲೆ ಕಣ್ಣಾಡಿಸಿ, ಬಿರುಕುಗಳಿಗೆ ಗಾರೆ ಬಳಿಯಲು ಹೇಳಿ ಹೊರಟುಹೋಗುತ್ತಾರೆ. ನಿಂತಿದೆ ಎಂದಾದ ಮೇಲೆ ಸುರಕ್ಷಿತವೇ ಅಲ್ಲವೇ ಎಂಬ ಈ ತರ್ಕ ಅಧಿಕಾರಿಗಳಿಗೂ ಮಾಲಿಕರಿಗೂ ಬಹಳ ಅನುಕೂಲಕರವಾದದ್ದು. ಆದರೆ ಇದು ಎಷ್ಟು ಪೊಳ್ಳು ಎಂಬುದಕ್ಕೆ ಜಪಾನಿನ ನಿಗಾಟಾ ನಗರ ಸಾಕ್ಷಿ ನುಡಿದಿದೆ.

1964ರ ಜೂನ್ 16ರಂದು ನಿಗಾಟಾದಲ್ಲಿ ಭೂಮಿ ಕಂಪಿಸಿತು. ಅಲ್ಲಿನ ವಸತಿ ಸಮುಚ್ಚಯಗಳು ಒಡೆಯದೆಯೇ ಮಗ್ಗುಲಿಗೆ ಮಲಗಿದ ಚಿತ್ರಗಳು ಜಗತ್ತಿನ ಗಮನ ಸೆಳೆದವು. ಅದೇ ನಗರದಲ್ಲಿದ್ದ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯ ಕಟ್ಟಡ ಮಾತ್ರ ನಿಂತೇ ಇತ್ತು. ಜನರು ಮತ್ತೆ ಒಳಹೊಕ್ಕರು, ಕೆಲಸ ಮುಂದುವರಿಸಿದರು. ಸುಮಾರು 20 ವರ್ಷಗಳ ಬಳಿಕ ಹೊಸ ನಿರ್ಮಾಣಕ್ಕಾಗಿ ನೆಲ ಅಗೆದಾಗಲೇ ಸತ್ಯ ಹೊರಬಿತ್ತು. ಆ ಕಟ್ಟಡವನ್ನು ಹೊತ್ತಿದ್ದ ಕಾಂಕ್ರೀಟ್ ಪೈಲುಗಳು ಮೇಲ್ತುದಿಯ ಸಮೀಪವೂ ಕೆಳತುದಿಯ ಸಮೀಪವೂ ಮುರಿದಿದ್ದವು. ಎರಡು ದಶಕಗಳ ಕಾಲ ಆ ಜನರು ಮುರಿದ ಕಾಲುಗಳ ಮೇಲೆ ಕುಳಿತು ದುಡಿದಿದ್ದರು!

ಕಾರಣ ನಿಗೂಢವೇನಲ್ಲ. ನೀರು ತುಂಬಿದ ಮರಳು ಮಣ್ಣು ಕಂಪನಕ್ಕೆ ಸಿಕ್ಕಿದಾಗ ಬಿಗಿತ ಕಳೆದುಕೊಂಡು ಕೆಸರಿನಂತೆ ಹರಿಯತೊಡಗುತ್ತದೆ. ಅಲ್ಲಿ ನೆಲ ಮೀಟರಿಗೂ ಹೆಚ್ಚು ಅಡ್ಡಕ್ಕೆ ಸರಿದಿತ್ತು. ಸರಿಯುವ ಮಣ್ಣು ಪೈಲುಗಳನ್ನು ಬಾಗಿಸಿ ಮುರಿಯುತ್ತದೆ. ಮೇಲಿನ ಕಟ್ಟಡವಾದರೋ ದೋಣಿಯಂತೆ ಅದರ ಮೇಲೆ ತೇಲಿ, ಗೋಡೆಗಳಿಗೆ ಹೆಚ್ಚಿನ ಗಾಯವಾಗದೆ ಉಳಿದುಬಿಡಬಹುದು. ಅಂದರೆ ಗೋಡೆಯಲ್ಲಿ ಬಿರುಕಿಲ್ಲ ಎಂಬುದು ಅಡಿಪಾಯದ ಆರೋಗ್ಯಕ್ಕೆ ಪುರಾವೆಯಾಗಲಾರದು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. 2001ರ ಜನವರಿ 26ರಂದು ಕಛ್‌ನಲ್ಲಿ ಸಂಭವಿಸಿದ ಭೂಕಂಪವು ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹ್ಮದಾಬಾದಿನಲ್ಲಿ ಹಲವು ಬಹುಮಹಡಿ ಕಟ್ಟಡಗಳನ್ನು ಉರುಳಿಸಿತು. ನೆಲ ಅಂತಸ್ತನ್ನು ವಾಹನಗಳಿಗೆ ಬಿಟ್ಟು, ತೆಳು ಕಂಬಗಳ ಮೇಲೆ ಮನೆಗಳನ್ನು ಪೇರಿಸಿದ ಕಟ್ಟಡಗಳೇ ಅವುಗಳಲ್ಲಿ ಹೆಚ್ಚು. ಉರುಳಿದವುಗಳ ಬಗ್ಗೆ ಚರ್ಚೆಯಾಯಿತು, ಮೊಕದ್ದಮೆಗಳೂ ಹೂಡಲ್ಪಟ್ಟವು. ಅವುಗಳ ಪಕ್ಕದಲ್ಲೇ, ಅದೇ ಮಣ್ಣಿನ ಮೇಲೆ, ಅದೇ ಬಗೆಯಲ್ಲಿ ಕಟ್ಟಲ್ಪಟ್ಟು ಅದೇ ಕಂಪನವನ್ನು ಉಂಡು ನಿಂತ ಕಟ್ಟಡಗಳ ಪಾಯವನ್ನು ಅಗೆದು ನೋಡಬೇಕೆಂಬ ಕೂಗು ಮಾತ್ರ ಅಷ್ಟು ಬಲವಾಗಿ ಏಳಲಿಲ್ಲ.

ಪರೀಕ್ಷಿಸುವ ವಿದ್ಯೆ ನಮ್ಮಲ್ಲಿಲ್ಲ ಎಂದು ಹೇಳುವಂತಿಲ್ಲ. ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಮರಳಿ ಬರುವ ಅಲೆಯನ್ನು ಓದಿ ಒಳಗಿನ ಬಿರುಕನ್ನು ಗುರುತಿಸುವ ಕ್ರಮಕ್ಕೆ ಭಾರತೀಯ ಮಾನಕ ಸಂಸ್ಥೆಯ ಮಾರ್ಗಸೂಚಿ ಇದೆ. ಅದರ ಸಂಖ್ಯೆ ಐಎಸ್ 14893. ಅದು ಹೊರಬಂದ ವರ್ಷ ಯಾವುದು ಗೊತ್ತೇ? ಅದೇ 2001! ಆದರೆ ಅದರ ಬಳಕೆ ಬಹುಮಟ್ಟಿಗೆ ಹೊಸ ಪೈಲುಗಳ ಗುಣಮಟ್ಟ ನೋಡುವುದಕ್ಕೆ ಸೀಮಿತವಾಗಿದೆ. ಈಗಾಗಲೇ ನಿಂತಿರುವ ಕಾಂಕ್ರೀಟ್ ಕಟ್ಟಡಗಳ ಭೂಕಂಪ ಸಾಮರ್ಥ್ಯವನ್ನು ಅಳೆಯುವ ಐಎಸ್ 15988 ಬಂದದ್ದು 2013ರಲ್ಲಿ. ಹನ್ನೆರಡು ವರ್ಷಗಳು! ಅಷ್ಟರಲ್ಲಿ ಎಷ್ಟು ಮನೆಗಳು ಕೈಬದಲಾಗಿರಲಿಕ್ಕಿಲ್ಲ?

ಈ ಸುತ್ತಿಗೆಯ ಪರೀಕ್ಷೆಗೂ ಮಿತಿಯುಂಟು. ಪೈಲಿನ ತಲೆಯ ಮೇಲೆ ಕಾಂಕ್ರೀಟಿನ ದಪ್ಪ ಹಾಸು ಕುಳಿತಿದ್ದರೆ ಅಲೆಗಳು ಕಲಸಿಹೋಗುತ್ತವೆ. ಮೇಲೆ ಒಂದು ದೊಡ್ಡ ಬಿರುಕಿದ್ದರೆ ಅದರ ಕೆಳಗಿನದು ಕಾಣದು. ಆಗ ಪಕ್ಕದಲ್ಲಿ ಅಗೆಯಬೇಕು, ಇಲ್ಲವೇ ಪೈಲಿನಲ್ಲೇ ರಂಧ್ರ ಕೊರೆದು ಕ್ಯಾಮರಾ ಇಳಿಸಬೇಕು. 1995ರ ಕೋಬೆ ಭೂಕಂಪದ ಬಳಿಕ ಜಪಾನೀಯರು ಇವೆರಡನ್ನೂ ಮಾಡಿದರು. ಸಾಧಾರಣ ಕಟ್ಟಡಕ್ಕೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಪೈಲಿಲ್ಲದೆ ಕಂಬಕ್ಕೊಂದರಂತೆ ಪಾಯ ಹಾಕಿದಲ್ಲಿ ಕಂಬದ ಬುಡದಲ್ಲಿ ಗುಂಡಿ ತೋಡಿದರೆ ಪಾಯವೇ ಕಣ್ಣಿಗೆ ಬೀಳುತ್ತದೆ. ತೂಗುಗುಂಡು ಇಳಿಬಿಟ್ಟರೆ ಕಟ್ಟಡ ವಾಲಿದೆಯೇ ಎಂಬುದು ತಿಳಿಯುತ್ತದೆ, ಮೇಸ್ತ್ರಿಯ ನೀರಿನ ಟ್ಯೂಬು ಹಿಡಿದರೆ ಒಂದು ಮೂಲೆ ಕುಸಿದಿದೆಯೇ ಎಂಬುದು ಗೊತ್ತಾಗುತ್ತದೆ. ಕಂಪನದ ನಂತರ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರುವುದು, ಗೋಡೆಗೂ ಅಂಗಳಕ್ಕೂ ನಡುವೆ ಸಂದು ಬಿಡುವುದು, ಚರಂಡಿಯ ಕೊಳವೆ ಒಡೆಯುವುದು, ನೆಲದಿಂದ ಮರಳು ನೀರು ಉಕ್ಕಿದ ಗುರುತು ಇವೆಲ್ಲ ಮನೆಯ ಹೆಣ್ಣುಮಕ್ಕಳೇ ಮೊದಲು ಕಾಣುವ ಲಕ್ಷಣಗಳು. ದುರದೃಷ್ಟವಶಾತ್, ತಪಾಸಣೆಗೆ ಬರುವವರು ಅವರನ್ನು ಕೇಳುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಪ್ರಾಮಾಣಿಕತೆಯಲ್ಲಿ. ಗುಂಡಿ ತೋಡಿದರೆ ದೋಷ ಕಾಣುತ್ತದೆ, ಕಂಡರೆ ಬೆಲೆ ಇಳಿಯುತ್ತದೆ. ಆದ್ದರಿಂದ ತೋಡುವುದೇ ಬೇಡ! ಇಲ್ಲಿ ಬಿಲ್ಡರನ್ನು ಮಾತ್ರ ದೂರಿದರೆ ಸಾಲದು. ಸೊಸೈಟಿಯ ಸದಸ್ಯರೇ ಒಗ್ಗಟ್ಟಾಗಿ ಬಿರುಕಿಗೆ ಬಣ್ಣ ಬಳಿಸುತ್ತಾರೆ, ಮಾರಿ ಹೋಗುವವನು ಕೊಳ್ಳುವವನಿಗೆ ಮಾತೆತ್ತುವುದಿಲ್ಲ. ಬಾಡಿಗೆದಾರನಿಗಂತೂ ಕೇಳುವ ಹಕ್ಕೇ ಇಲ್ಲವೆಂದು ಭಾವಿಸಲಾಗಿದೆ. ಹೊರದೇಶದಲ್ಲಿ ಹತ್ತಾರು ವರ್ಷ ಬೆವರು ಸುರಿಸಿ ಒಂದು ಫ್ಲ್ಯಾಟ್ ಕೊಂಡ ಕುಟುಂಬದ ಪಾಲಿಗೆ ಇದು ಹಾಡಹಗಲಿನ ವಂಚನೆಯಲ್ಲದೆ ಇನ್ನೇನು? ‘ಜನರಲ್ಲಿ ಭೀತಿ ಹುಟ್ಟಿಸಬೇಡಿ’ ಎಂಬ ಉಪದೇಶವೂ ಸಿದ್ಧವಾಗಿರುತ್ತದೆ. ಭೀತಿ ಹುಟ್ಟಿಸುವುದು ಪರೀಕ್ಷೆಯೋ, ಪರೀಕ್ಷಿಸದೆ ಕೊಟ್ಟ ಪ್ರಮಾಣಪತ್ರವೋ?

ನಮಗೇಕೆ ಈ ಚಿಂತೆ ಎಂದು ಕರ್ನಾಟಕದ ಓದುಗರು ಕೇಳಬಹುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಸಾವಿರಾರು ಮಂದಿ ಮಣ್ಣಾದಾಗ, ಆ ಪ್ರದೇಶ ದೇಶದ ಭೂಕಂಪ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಲಾಯಿತು. ಅಹ್ಮದಾಬಾದಿನಲ್ಲಿ ಕುಸಿದಂತಹ, ಕೆಳಗೆ ವಾಹನ ಮೇಲೆ ಮನೆ ಎಂಬ ಕಟ್ಟಡಗಳು ಇಂದು ಬೆಂಗಳೂರು, ಮಂಗಳೂರುಗಳ ಬೀದಿಬೀದಿಗಳಲ್ಲಿವೆ.

ಜಪಾನಿನಲ್ಲಿ ಭೂಕಂಪದ ನಂತರ ಹಾನಿಯ ದರ್ಜೆ ನಿರ್ಧರಿಸುವಾಗ ವಾಲುವಿಕೆ ಮತ್ತು ಕುಸಿತವನ್ನು ಅಳೆದು ಅಡಿಪಾಯಕ್ಕೆ ಪ್ರತ್ಯೇಕ ದರ್ಜೆ ಕೊಡುವ ಕ್ರಮವಿದೆ. ನಮ್ಮ ನಗರಸಭೆಗಳೂ ಇದನ್ನೇ ಕಡ್ಡಾಯಗೊಳಿಸಲಿ. ಕಂಪನದ ಬಳಿಕ ಕೊಡುವ ಪ್ರತಿಯೊಂದು ಪ್ರಮಾಣಪತ್ರದಲ್ಲಿ ಪಾಯವನ್ನು ಯಾವ ದಿನ, ಯಾವ ವಿಧಾನದಿಂದ, ಯಾರು ನೋಡಿದರು ಎಂಬುದನ್ನು ಬರೆಯಲಿ. ನೋಡಿಲ್ಲವಾದರೆ ‘ನೋಡಿಲ್ಲ’ ಎಂದೇ ಬರೆದು, ಆ ಕಾಗದವನ್ನು ಮಾರಾಟಪತ್ರಕ್ಕೂ ಬಾಡಿಗೆ ಕರಾರಿಗೂ ಲಗತ್ತಿಸಲಿ.