ಪರಿಪೂರ್ಣತೆ ಎಂಬ ಹೊಸ ಮಡಿ

ನಮ್ಮ ಕ್ರೈಸ್ತ ಹೆಂಗಸರ ನಡುವೆ ಈಚೆಗೆ ‘ಪರಿಪೂರ್ಣತೆ’ ಎಂಬ ಮಾತು ಬಹಳ ಓಡಾಡುತ್ತಿದೆ. ಉಪವಾಸ ಕೂಟಗಳಲ್ಲಿ, ಮನೆ ಪ್ರಾರ್ಥನೆಗಳಲ್ಲಿ, ಪರಊರಿನಿಂದ ಬರುವ ಬೋಧಕರ ಬಾಯಲ್ಲಿ ಅದೇ ಮಾತು. ಬೇಡವೆನ್ನಲು ನಾನಾರು? ಯೇಸುವೇ ಆಡಿದ ಮಾತದು. ನನ್ನ ತಕರಾರಿರುವುದು ಅದಕ್ಕೆ ಹಚ್ಚುತ್ತಿರುವ ಅರ್ಥದ ಮೇಲೆ.

ಪರಿಪೂರ್ಣಳೆಂದರೆ ತಪ್ಪೇ ಇಲ್ಲದವಳಂತೆ. ಸಿಟ್ಟು ಮಾಡದವಳು, ಎದುರಾಡದವಳು, ಬಳೆ ಹೂವು ಬಿಟ್ಟವಳು, ಗಂಡ ಕೈ ಎತ್ತಿದರೂ ತುಟಿ ಬಿಚ್ಚದವಳು. ಗಂಡಸರಿಗೆ ಇಂಥ ಪಟ್ಟಿ ಓದಿದ್ದನ್ನು ನಾನಂತೂ ಕೇಳಿಲ್ಲ.

ನನಗೆ ಪರಿಚಯದ ಹೆಣ್ಣುಮಗಳೊಬ್ಬಳು ಮೂರು ವರ್ಷದಿಂದ ಪ್ರಭುಭೋಜನ ತೆಗೆದುಕೊಂಡಿಲ್ಲ. ಎಲ್ಲರೂ ಎದ್ದು ಮುಂದೆ ಹೋದಾಗ ಅವಳೊಬ್ಬಳು ಸೆರಗು ಹೊದ್ದು ಬೆಂಚಿನಲ್ಲೇ ಕೂತಿರುತ್ತಾಳೆ. ಗಂಡ ಕುಡುಕ. ‘ನಿನ್ನ ಪವಿತ್ರತೆ ಪೂರ್ತಿಯಾಗಿಲ್ಲ, ಅದಕ್ಕೇ ಅವನು ಸರಿಹೋಗಿಲ್ಲ’ ಎಂದು ಬೋಧಕರೊಬ್ಬರು ಹೇಳಿಬಿಟ್ಟರಂತೆ. ಕುಡಿಯುವವನು ಅವನು, ದೇವರ ಪಂಕ್ತಿ ಬಿಟ್ಟು ಏಳುವವಳು ಇವಳು. ಇದು ಯಾವ ನ್ಯಾಯ?

ಮಡಿ-ಮೈಲಿಗೆಯ ಹೆಸರಿನಲ್ಲಿ ಬಾವಿಗೂ ಕೆರೆಗೂ ಬಿಟ್ಟುಕೊಳ್ಳದಿದ್ದ ಎಷ್ಟೋ ಜನ ಹಿಂದೆ ಯೇಸುವಿನ ಬಳಿಗೆ ಬಂದರು. ಅಲ್ಲಿ ‘ಮುಟ್ಟಬೇಡ’ ಎನ್ನುವವರಿರಲಿಲ್ಲ. ಮುಂಬಾಗಿಲಲ್ಲಿ ಬಿಟ್ಟು ಬಂದ ಆ ಮಡಿಯನ್ನೇ ನಾವು ಈಗ ಪರಿಪೂರ್ಣತೆ ಎಂಬ ಹೆಸರಿಟ್ಟು ಹಿಂಬಾಗಿಲಿಂದ ಕರೆತರುತ್ತಿದ್ದೇವೆ.

ಸತ್ಯವೇದವನ್ನು ತೆರೆದು ನೋಡಿ. ಮತ್ತಾಯನ 5ನೇ ಅಧ್ಯಾಯದ ಕೊನೆಯಲ್ಲಿ, 48ನೇ ವಚನದಲ್ಲಿ ಈ ಮಾತಿದೆ. ಅದರ ಹಿಂದಿನ ವಚನಗಳಲ್ಲಿ ಉಡುಗೆ ತೊಡುಗೆಯ ಸುದ್ದಿಯಿಲ್ಲ. ವೈರಿಯನ್ನೂ ಪ್ರೀತಿಸಬೇಕು, ದೇವರು ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಬಿಸಿಲು, ಒಂದೇ ಮಳೆ ಕೊಡುತ್ತಾನೆ ಎಂಬ ಮಾತಿದೆ. ಇದೇ ಬೋಧನೆಯನ್ನು ಬರೆಯುವಾಗ ಲೂಕನು 6ನೇ ಅಧ್ಯಾಯದಲ್ಲಿ ಪರಿಪೂರ್ಣತೆಯ ಜಾಗದಲ್ಲಿ ಕರುಣೆಯನ್ನು ಇಟ್ಟಿದ್ದಾನೆ. ಮತ್ತಾಯನು ಬಳಸಿದ ಗ್ರೀಕ್ ಪದ ‘ತೆಲೆಯೊಸ್’. ತನ್ನ ಗುರಿ ಮುಟ್ಟಿದ್ದು, ಬಲಿತು ಪೂರ್ತಿಯಾದದ್ದು ಎಂದು ಅದರ ಅರ್ಥ. ಉತ್ತರಪತ್ರಿಕೆ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡ ನಾನು ಹೇಳುತ್ತೇನೆ, ಇದು ನೂರಕ್ಕೆ ನೂರು ಅಂಕದ ಲೆಕ್ಕವಲ್ಲ.

ಈ ವಿಚಾರ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1830ರ ದಶಕದ ಕೊನೆಯಲ್ಲಿ ಥಾಮಸ್ ಹಾಡ್ಸನ್, ಅವರ ಹಿಂದೆಯೇ ವಿಲಿಯಂ ಆರ್ಥರ್ ಗುಬ್ಬಿಯಲ್ಲಿದ್ದು ವೆಸ್ಲಿಯನ್ ಮಿಷನ್ನಿನ ಕೆಲಸ ನಡೆಸಿದರು. ಆ ಮಿಷನ್ನಿನಿಂದ ಬೆಳೆದ ಸಭೆಗಳೇ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಅವರೆಲ್ಲರ ಗುರು ಜಾನ್ ವೆಸ್ಲಿ. ಕ್ರೈಸ್ತ ಪರಿಪೂರ್ಣತೆಯ ಬಗ್ಗೆಯೇ 1766ರಲ್ಲಿ ಒಂದು ಪುಸ್ತಕ ತಂದವರು ಅವರು. ಅಜ್ಞಾನ, ಮರೆವು, ದೇಹದ ದೌರ್ಬಲ್ಯ, ಶೋಧನೆ ಇವು ಯಾವ ಭಕ್ತನನ್ನೂ ಬಿಟ್ಟು ಹೋಗುವುದಿಲ್ಲ; ಪರಿಪೂರ್ಣತೆ ಎಂದರೆ ಹೃದಯ ತುಂಬಿದ ಪ್ರೀತಿ ಎಂಬುದು ಅವರ ವಾದ. ಪೌಲನೂ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ತಾನಿನ್ನೂ ಸಿದ್ಧಿಗೆ ಬಂದಿಲ್ಲ, ಓಡುತ್ತಲೇ ಇದ್ದೇನೆ ಎಂದಿದ್ದಾನೆ. ಅಪೊಸ್ತಲನಿಗೇ ಸಿಗದ ಸರ್ಟಿಫಿಕೇಟನ್ನು ನಮ್ಮ ಬೋಧಕರು ಯಾವ ಆಫೀಸಿನಿಂದ ತಂದರೋ!

ನಾನಿರುವ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಅಡ್ಡಲಾಗಿ ಕಟ್ಟಿದ ಜಲಾಶಯವಿದೆ. ಅದರ ಸೈಫನ್ನುಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ನೀರು ಗೊತ್ತಾದ ಮಟ್ಟ ಮುಟ್ಟಿತೋ, ಯಾರೂ ಬಾಗಿಲು ಎತ್ತಬೇಕಿಲ್ಲ, ತಾನಾಗಿ ಹೊರಗೆ ಧುಮ್ಮಿಕ್ಕುತ್ತದೆ. ತುಂಬಿದ್ದಕ್ಕೆ ಗುರುತು ಕೋಡಿ ಹರಿಯುವುದೇ. ಮಳೆ ಕೈಕೊಟ್ಟ ವರ್ಷ ಕಟ್ಟೆಯ ಗೋಡೆಯನ್ನು ಎಷ್ಟು ತಿಕ್ಕಿ ತೊಳೆದರೂ ಒಂದು ಅಂಗುಲ ನೀರು ಏರದು. ಕೃಪೆಯ ವಿಷಯವೂ ಹಾಗೆಯೇ. ಮೇಲಿನಿಂದ ಬರುವುದನ್ನು ನಾವು ತಿಕ್ಕಿ ಗಳಿಸಲಾರೆವು. ಬಂದದ್ದನ್ನು ಕೆಳಗಿನ ಗದ್ದೆಗೆ ಬಿಡಬಹುದು.

‘ಹಾಗಾದರೆ ಹೇಗೆ ಬೇಕಾದರೂ ಬಾಳಬಹುದೇ?’ ಎಂದು ಕೇಳುವವರಿದ್ದಾರೆ. ಇಲ್ಲ. ನಾನು ಹೇಳುವ ಅಳತೆಯೇ ಹೆಚ್ಚು ಕಠಿಣ. ಬಳೆ ಬಿಚ್ಚಿಡುವುದು ಒಂದು ನಿಮಿಷದ ಕೆಲಸ. ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಓರಗಿತ್ತಿಯ ಮನೆಗೆ ಹೋಗಿ ‘ಊಟ ಆಯ್ತೇನಮ್ಮಾ’ ಎನ್ನಲು ಎಷ್ಟು ವರ್ಷ ಬೇಕು? ನಿತ್ಯಜೀವ ಬೇಕೆಂದು ಬಂದ ಆ ಶ್ರೀಮಂತ ಯುವಕ ಆಜ್ಞೆಗಳನ್ನೆಲ್ಲ ಪಾಲಿಸಿದ್ದವನೇ. ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂದಾಗ ಮಾತ್ರ ದುಃಖದಿಂದ ಹೊರಟುಹೋದ. ಇನ್ನು ಹೊಡೆತ ತಿನ್ನುವುದನ್ನು ಯಾರೂ ಪ್ರೀತಿಯೆಂದು ಕರೆಯಬೇಡಿ. ಹೊಡೆಯುವ ಕೈಯನ್ನು ತಡೆಯುವುದೂ ಆ ಮನುಷ್ಯನ ಮೇಲಿನ ಪ್ರೀತಿಯೇ.

ಪ್ರಭುಭೋಜನವು ಬಹುಮಾನ ವಿತರಣೆಯಲ್ಲ, ಹಸಿದವರ ಊಟ. ಕಡೆಯ ರಾತ್ರಿಯ ಆ ಊಟದಲ್ಲಿ ಯೇಸುವಿನ ಜೊತೆ ಕೂತವರಲ್ಲಿ ಬೆಳಗಾಗುವ ಮುನ್ನವೇ ಅವನನ್ನು ಅರಿಯೆನೆಂದವನಿದ್ದ, ಅವನನ್ನು ಬಿಟ್ಟು ಓಡಿದವರಿದ್ದರು. ಅವರಿಗೆ ಇದ್ದ ಜಾಗ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲವೇ? ಬರುವ ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲಿ ಹೀಗೆ ಒಬ್ಬಳು ಕೂತೇ ಉಳಿದರೆ, ಅವಳ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋಗಿ.