ಮಂಜು ನೋಡಲು ಪಿಂಚಣಿ ಬೇಕು

ಕನ್ನಡದಲ್ಲಿ ನಿವೃತ್ತ ಮೇಷ್ಟ್ರುಗಳು ಬರೆಯುವ ಒಂದು ಬಗೆಯ ಪ್ರಬಂಧವಿದೆ. ನೀವೂ ಓದಿರುತ್ತೀರಿ. ಬೆಳಿಗ್ಗೆ ಐದೂವರೆಗೆ ಎಚ್ಚರವಾಗುತ್ತದೆ. ಹಿತ್ತಿಲಲ್ಲಿ ಪಾರಿಜಾತ ಉದುರಿರುತ್ತದೆ. ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತದೆ. ಪೇಪರು, ವಾಕಿಂಗು, ದಾರಿಯಲ್ಲಿ ಸಿಕ್ಕಿ ‘ನಮಸ್ಕಾರ ಸಾರ್, ಗುರುತು ಸಿಕ್ತಾ?’ ಎನ್ನುವ ಹಳೆಯ ವಿದ್ಯಾರ್ಥಿ, ಸಂಜೆಗೆ ಒಂದು ಮಳೆ. ಕೊನೆಯ ಪ್ಯಾರಾದಲ್ಲಿ ಉದ್ಗಾರ: ಮನುಷ್ಯ ಸುಖವಾಗಿರಲು ಎಷ್ಟು ಕಡಿಮೆ ಸಾಕು! ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯವರು ಬರೆದದ್ದಾದರೆ ನಡುವೆ ಎಲ್ಲೋ ಕೆಮ್ಮಣ್ಣುಗುಂಡಿ ಬಂದೇ ಬರುತ್ತದೆ. ರಾಜಭವನದ ಮುಂದಿನ ಗುಲಾಬಿ, ಝಡ್ ಪಾಯಿಂಟಿನ ಗಾಳಿ, ಕಣಿವೆಯಿಂದ ಎದ್ದು ಬರುವ ಮಂಜು.

ನನ್ನ ತಕರಾರು ಪಾರಿಜಾತದ ಮೇಲಲ್ಲ, ಮಂಜಿನ ಮೇಲೂ ಅಲ್ಲ. ಆ ಉದ್ಗಾರದ ಮೇಲೆ.

ನಮ್ಮ ಸಂಶೋಧಕರ ವಲಯದಲ್ಲಿ ಈ ಬರಹಕ್ಕೆ ‘ಪಿಂಚಣಿ ಸಾಹಿತ್ಯ’ ಎಂದು ಅಡ್ಡಹೆಸರು. ಕ್ಯಾಂಟೀನಿನಲ್ಲಿ ಯಾರೋ ಅಂದರು, ಉಳಿದುಬಿಟ್ಟಿತು. ಇಟ್ಟದ್ದು ಗೇಲಿಗಾಗಿ. ಆದರೆ ಈ ಪ್ರಕಾರದ ಬಗ್ಗೆ ನಾನು ಕೇಳಿರುವ ಅತ್ಯಂತ ಸರಿಯಾದ ವಿಮರ್ಶೆ ಅದೇ. ಗೇಲಿ ಮಾಡಿದವರಿಗೆ ತಾವು ಎಷ್ಟು ಸರಿ ಹೇಳಿದೆವೆಂದು ಗೊತ್ತಿಲ್ಲ, ಅಷ್ಟೆ.

ಲಿಂಗದಹಳ್ಳಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನನಗೆ ಪರಿಚಯ. ತಿಂಗಳಿಗೊಮ್ಮೆಯಾದರೂ ಕೆಮ್ಮಣ್ಣುಗುಂಡಿಗೆ ಹೋಗಿ ಬರುವವರು. ಅಲ್ಲಿ ಏನು ಮಾಡುತ್ತಾರೆ ಎಂದರೆ ಏನೂ ಮಾಡುವುದಿಲ್ಲ. ಒಂದು ಕಡೆ ಕೂರುತ್ತಾರೆ, ಚುರುಮುರಿ ತಿನ್ನುತ್ತಾರೆ, ಇಳಿಯುತ್ತಾರೆ. ‘ಇದಕ್ಕಿಂತ ಇನ್ನೇನಮ್ಮಾ ಬೇಕು ಮನುಷ್ಯನಿಗೆ?’ ಅಂದರು ಒಮ್ಮೆ. ‘ಪಿಂಚಣಿ ಬೇಕು ಸಾರ್’ ಅಂದೆ. ಬೇಸರಪಟ್ಟುಕೊಳ್ಳುತ್ತಾರೆ ಅಂದುಕೊಂಡರೆ ಜೋರಾಗಿ ನಕ್ಕರು. ಆಮೇಲೆ ಅರ್ಧ ಗಂಟೆ ಮಂಜಿನ ಮಾತೇ ಇಲ್ಲ. ಕಮ್ಯುಟೇಷನ್ ಹಣದಲ್ಲಿ ಮನೆಗೆ ತಾರಸಿ ಹಾಕಿಸಿದ್ದು, ಗ್ರಾಚ್ಯುಟಿಯಲ್ಲಿ ಮಗಳ ಮದುವೆ, ವೇತನ ಆಯೋಗದ ವರದಿ ಬಂದಾಗಲೆಲ್ಲ ಹೆಚ್ಚಿದ ಮೊತ್ತ, ತಮ್ಮ ನಂತರ ಹೆಂಡತಿಗೆ ಸಿಗುವ ಕುಟುಂಬ ಪಿಂಚಣಿ. ಎಲ್ಲ ಬಾಯಲ್ಲೇ ಇತ್ತು. ಕೊನೆಗೆ ಅವರೇ ಅಂದರು: ‘ಒಂದನೇ ತಾರೀಕು ಬ್ಯಾಂಕಿನ ಮೆಸೇಜ್ ಬಂದ ಮೇಲೇನೇ ನೋಡಮ್ಮ, ನಂಗೆ ಮಂಜು ಚೆನ್ನಾಗಿ ಕಾಣೋದು.’

ಇಷ್ಟು ಒಳ್ಳೆಯ ವಾಕ್ಯವನ್ನು ಮಾತಿನಲ್ಲಿ ಆಡಬಲ್ಲ ಮನುಷ್ಯ ಬರೆಯಲು ಕೂತಾಗ ಮಾತ್ರ ‘ಎಷ್ಟು ಕಡಿಮೆ ಸಾಕು’ ಎಂದೇ ಬರೆಯುತ್ತಾರೆ. ಬ್ಯಾಂಕಿನ ಮೆಸೇಜ್ ಪ್ರಬಂಧದೊಳಗೆ ಬರುವುದೇ ಇಲ್ಲ. ದುಡ್ಡಿನ ಮಾತು ಬಂದರೆ ಲಾಲಿತ್ಯ ಕೆಡುತ್ತದೆ ಎಂದು ಯಾರು ಕಲಿಸಿದರೋ.

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಂದು ಮತ್ತು ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿದ ಬಹುತೇಕರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಅವರ ಸಂಬಳದಿಂದ ಪ್ರತಿ ತಿಂಗಳೂ ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟು ಕಡಿತವಾಗಿ, ಸರ್ಕಾರದ ಪಾಲೂ ಸೇರಿ, ಎನ್‌ಪಿಎಸ್ ಖಾತೆಗೆ ಹೋಗುತ್ತದೆ. ಅಲ್ಲಿಂದ ಮಾರುಕಟ್ಟೆಗೆ. ಕೊನೆಗೆ ತಿಂಗಳಿಗೆ ಎಷ್ಟು ಸಿಗುತ್ತದೆಂದು ಸೇರುವಾಗ ಯಾರೂ ಹೇಳಲಾರರು. ಈ ನೌಕರರು 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ನಿಮಗೆ ನೆನಪಿರಬಹುದು. ಅವರಲ್ಲಿ ಎಷ್ಟೋ ಜನ ಶಾಲಾ ಮೇಷ್ಟ್ರುಗಳು. ಅಂದರೆ ಮುಂದಿನ ತಲೆಮಾರಿನ ‘ಸರಳ ಸುಖ’ದ ಪ್ರಬಂಧಕಾರರು ಆ ಚಳಿಯಲ್ಲಿ ಕೂತಿದ್ದರು. ನಮ್ಮ ಹಿರಿಯ ಪ್ರಬಂಧಕಾರರು ಅದೇ ಡಿಸೆಂಬರಿನಲ್ಲಿ ಚಳಿಯ ಸೊಗಸಿನ ಬಗ್ಗೆ ಬರೆದಿರುತ್ತಾರೆ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಸರಿ, ಸ್ವಲ್ಪ ಚುಚ್ಚಲೂ ಹೇಳುತ್ತಿದ್ದೇನೆ.

ಇನ್ನು ಆ ಕಾಫಿ. ‘ಕಾಫಿ ಬರುತ್ತದೆ.’ ಸಾಹಿತ್ಯದ ವಿದ್ಯಾರ್ಥಿಗಳು ಈ ಕ್ರಿಯಾಪದವನ್ನು ಸ್ವಲ್ಪ ಹೊತ್ತು ನೋಡಬೇಕು. ಮಳೆ ಬರುತ್ತದೆ, ಮಂಜು ಬರುತ್ತದೆ, ಕಾಫಿಯೂ ಬರುತ್ತದೆ. ಎಲ್ಲ ಪ್ರಕೃತಿಯ ಕೃಪೆ! ಹಿಂದಿನ ರಾತ್ರಿ ಡಿಕಾಕ್ಷನ್ ಇಳಿಸಿಟ್ಟವರು, ಹಾಲಿನ ಪ್ಯಾಕೆಟ್ ತರಲು ಗೇಟಿಗೆ ಹೋದವರು, ಸಕ್ಕರೆ ಕಾಯಿಲೆ ಎಂದು ಒಂದು ಲೋಟಕ್ಕೆ ಮಾತ್ರ ಸಕ್ಕರೆ ಬಿಟ್ಟವರು ವಾಕ್ಯದಲ್ಲಿಲ್ಲ. ನನ್ನ ಸೋದರತ್ತೆ ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಪಿಂಚಣಿಯೂ ಬರುತ್ತದೆ, ಹಿತ್ತಿಲಲ್ಲಿ ಪಾರಿಜಾತವೂ ಇದೆ. ‘ನೀವೂ ಏನಾದರೂ ಬರೀರಿ ಅತ್ತೆ, ಈಗ ಬಿಡುವಿದೆಯಲ್ಲ’ ಅಂದದ್ದಕ್ಕೆ, ‘ಸ್ಕೂಲಿಂದ ರಿಟೈರಾದೆ ಕಣೇ, ಒಲೆಯಿಂದ ರಿಟೈರಾಗೋ ಆರ್ಡರ್ ಇನ್ನೂ ಬಂದಿಲ್ಲ’ ಅಂದರು. ನಮ್ಮ ಪ್ರೈಮರಿ ಶಾಲೆಗಳಲ್ಲಿ ಎಷ್ಟು ಜನ ಟೀಚರಮ್ಮಂದಿರು ಕಲಿಸಿದ್ದಾರೆ, ಕಲಿಸುತ್ತಿದ್ದಾರೆ! ಅವರ ನಿವೃತ್ತಿಯ ಪ್ರಬಂಧಗಳು ಎಲ್ಲಿ? ನಾನು ಹುಡುಕಿದ ಕಪಾಟುಗಳಲ್ಲಿ ಬಹಳ ಕಡಿಮೆ ಸಿಕ್ಕವು. ಸಿಕ್ಕವುಗಳಲ್ಲಿ ಕಾಫಿ ತಾನಾಗಿ ಬರುವುದಿಲ್ಲ.

ಲೋಟದಿಂದ ಬೆಟ್ಟಕ್ಕೆ ಹೋಗೋಣ. ಮರೆತಿರುವ ಬಗೆ ಅಲ್ಲಿಯೂ ಇದೇ.

ಕೆಮ್ಮಣ್ಣುಗುಂಡಿ ಎಂಬ ಹೆಸರನ್ನೇ ನಿಧಾನವಾಗಿ ಓದಿ. ಕೆಂಪು ಮಣ್ಣಿನ ಗುಂಡಿ. ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿರುವ ಜಾಗಕ್ಕೆ ಗುಂಡಿ ಎಂಬ ಹೆಸರು! ಆ ಕೆಂಪು ಕಬ್ಬಿಣದ ಅದಿರಿನದು. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಅದಕ್ಕೆ ಅದಿರು ಹೋದದ್ದು ಈ ಬೆಟ್ಟದ ಹೊಟ್ಟೆಯಿಂದ. ಹತ್ತಿರದಲ್ಲಿ ಎಲ್ಲೂ ಕಲ್ಲಿದ್ದಲು ಸಿಗದ ನಾಡು ನಮ್ಮದು. ಹಾಗಾಗಿ ಕಾರ್ಖಾನೆಯ ಕುಲುಮೆ ಉರಿದದ್ದು ಸುತ್ತಲಿನ ಕಾಡಿನ ಮರ ಸುಟ್ಟ ಇದ್ದಿಲಿನಲ್ಲಿ. ಅಂದರೆ ಬೆಟ್ಟವನ್ನು ಅಗೆದದ್ದೂ ಮನುಷ್ಯರು, ಮರ ಕಡಿದು ಇದ್ದಿಲು ಮಾಡಿದ್ದೂ ಮನುಷ್ಯರು. ಅದೇ ಬೆಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವೂ ಆಗಿತ್ತು. ಅವರ ಹೆಸರಿನಲ್ಲೇ ಇಂದಿಗೂ ಕೃಷ್ಣರಾಜೇಂದ್ರ ಗಿರಿಧಾಮ. ಮುಂದೆ ತೋಟಗಾರಿಕೆ ಇಲಾಖೆಯ ಕೈಗೆ ಬಂದು ಹೂದೋಟ, ಅತಿಥಿಗೃಹಗಳಾಗಿ ಬೆಳೆಯಿತು.

ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಹಾರೆ ಗುದ್ದಲಿ, ಇನ್ನೊಂದು ಮಗ್ಗುಲಲ್ಲಿ ಗುಲಾಬಿ. ನಮ್ಮ ಮೇಷ್ಟ್ರ ಪ್ರಬಂಧದಲ್ಲಿ ಮಹಾರಾಜರಿಗೆ ಒಂದು ವಾಕ್ಯ ಖಂಡಿತ ಇರುತ್ತದೆ, ಗುಲಾಬಿಗೆ ಒಂದು ಪ್ಯಾರಾ. ಗುದ್ದಲಿ ಹಿಡಿದವನಿಗೆ? ಊರಿನ ಹೆಸರಿನಲ್ಲೇ ಅವನ ಕೆಲಸ ಬರೆದಿದೆ, ಆದರೂ ಕಾಣುವುದಿಲ್ಲ. ಗುಂಡಿ ತೋಡಿಸಿಕೊಂಡ ಕಾರ್ಖಾನೆಯ ಕತೆ ಹಳೆಯದಾಗಿ ಮುಗಿದದ್ದೂ ಅಲ್ಲ. ಈಗ ಅದು ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಕೇಂದ್ರ ಸರ್ಕಾರದ ಸೈಲ್ ಸಂಸ್ಥೆಯದು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಭದ್ರಾವತಿಯಲ್ಲಿ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ವಾರಾಂತ್ಯಕ್ಕೆ ಮಂಜು ನೋಡಲು ಹೊರಟ ನಮ್ಮ ಗುಂಪುಗಳಲ್ಲಿ ಎಷ್ಟು ಜನಕ್ಕೆ ಆ ಧರಣಿಗೂ ಈ ಬೆಟ್ಟಕ್ಕೂ ಇರುವ ನಂಟು ಹೊಳೆದಿತ್ತು?

ಹಾಗಾದರೆ ಮಂಜಿನ ಬಗ್ಗೆ ಬರೆಯಲೇಬಾರದೆ? ಇಲ್ಲಿ ನನ್ನ ಜಗಳ ಕ್ಯಾಂಟೀನಿನ ಗೆಳೆಯರ ಜೊತೆ. ಅವರ ಪ್ರಕಾರ ದೇಶ ಹೀಗಿರುವಾಗ ಪಾರಿಜಾತದ ಬಗ್ಗೆ ಬರೆಯುವುದೇ ಒಂದು ಬಗೆಯ ದ್ರೋಹ. ಇದಕ್ಕೆ ಉತ್ತರ ಬಹಳ ಹಿಂದೆಯೇ ಬಂದಿದೆ. 1946ರ ಇಂಗ್ಲೆಂಡು, ಯುದ್ಧ ಮುಗಿದರೂ ರೇಷನ್ ಮುಗಿಯದ ಕಾಲ. ಜಾರ್ಜ್ ಆರ್ವೆಲ್ ವಸಂತದ ಕಪ್ಪೆಯ ಬಗ್ಗೆ ಒಂದು ಪ್ರಬಂಧ ಬರೆದು, ಇಂಥ ಸುಖವನ್ನು ಹೆಸರಿಸಿದರೆ ಬೈಗುಳದ ಪತ್ರ ಬರುತ್ತದೆಂದು ಅಲ್ಲೇ ಹೇಳಿ, ಸುಖಪಡಲು ಬಾರದವನು ದುಡಿಮೆ ಕಡಿಮೆಯಾದ ನಾಳೆಯ ಬಿಡುವನ್ನು ಏನು ಮಾಡಿಯಾನು ಎಂಬ ಪ್ರಶ್ನೆ ಎತ್ತಿದ. ಅದೇ ವರ್ಷ ಚಹಾ ಮಾಡುವ ಬಗೆಯನ್ನೂ ಬರೆದ. ಅದರಲ್ಲಿ ರೇಷನ್ನಿನ ಚಹಾಪುಡಿ ಎಷ್ಟು ಲೋಟಕ್ಕೆ ಬರುತ್ತದೆಂಬ ಲೆಕ್ಕವೂ ಇದೆ. ನಾನು ಕೇಳುತ್ತಿರುವುದು ಇಷ್ಟನ್ನೇ: ಸುಖವೂ ಇರಲಿ, ಲೆಕ್ಕವೂ ಇರಲಿ.

ಕನ್ನಡಕ್ಕೆ ಇದು ಹೊರಗಿನಿಂದ ತರಬೇಕಾದ ಸರಕಲ್ಲ. ಎಂ.ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’ ಓದಿ ನಗದವರಿಲ್ಲ. ಆದರೆ ಆ ನಗೆಯ ನಡುವೆಯೇ ಹಳ್ಳಿ ಮೇಷ್ಟ್ರ ಬರಿಗೈ ಸಂಸಾರ, ಇನ್ಸ್ಪೆಕ್ಟರ್ ಬರುತ್ತಾನೆಂದರೆ ಅವನಿಗಾಗುವ ನಡುಕ ಎಲ್ಲ ಕಾಣುತ್ತದೆ. ಇನ್ನು ಎ.ಎನ್. ಮೂರ್ತಿರಾಯರು. ಲಲಿತ ಪ್ರಬಂಧ ಎಂದರೆ ಮುಪ್ಪಿನ ಹವ್ಯಾಸ ಎನ್ನುವವರು ಗಮನಿಸಬೇಕು: ‘ಹಗಲುಗನಸುಗಳು’ ಬಂದದ್ದು 1937ರಲ್ಲಿ, ಅವರಿಗೆ ಮೂವತ್ತೇಳು ಆಗಿದ್ದಾಗ. ‘ದೇವರು’ ಬಂದದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ತೊಂಬತ್ತರ ನಿವೃತ್ತ ಮೇಷ್ಟ್ರು ಜಪಮಣಿ ಹಿಡಿಯಬೇಕೆಂದು ಊರೆಲ್ಲ ಬಯಸುವಾಗ ಇವರು ದೇವರ ಇರುವಿಕೆಯನ್ನೇ ಪ್ರಶ್ನೆ ಮಾಡುವ ಪುಸ್ತಕ ಬರೆದರು. ಬಿಡುವು ಎಂದರೆ ಇದು. ತೃಪ್ತಿಯನ್ನು ಬೋಧಿಸುವುದಕ್ಕೆ ಸಿಕ್ಕ ಸಮಯವಲ್ಲ, ಸಂಬಳ ಕೊಡುವವರ ಹಂಗಿಲ್ಲದೆ ಯೋಚಿಸುವುದಕ್ಕೆ ಸಿಕ್ಕ ಸಮಯ.

ತರೀಕೆರೆಯವರೇ ಬೇಕೆಂದರೆ ರಹಮತ್ ತರೀಕೆರೆಯವರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಆತ್ಮಕತೆಗೆ ಇಟ್ಟ ಹೆಸರು ‘ಕುಲುಮೆ’. ಕಬ್ಬಿಣ ಕಾಯಿಸಿ ಬಡಿಯುವ ಕಸುಬಿನ ಮನೆಯಿಂದ ಬಂದವರು ಅವರು. ‘ಕತ್ತಿಯಂಚಿನ ದಾರಿ’ಗೆ 2010ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು, 2015ರಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾದಾಗ ಹಿಂದಿರುಗಿಸಿದರು. ಊಟ, ತಿರುಗಾಟ, ದಾರಿಯಲ್ಲಿ ಸಿಕ್ಕ ಜನ ಇವೆಲ್ಲದರ ಬಗ್ಗೆ ಇಷ್ಟಪಟ್ಟು ಬರೆಯುವವರೂ ಅವರೇ. ಎರಡಕ್ಕೂ ಜಗಳವಿದೆ ಎಂದು ಅವರ ಪುಟಗಳಲ್ಲಿ ನನಗೆ ಎಲ್ಲೂ ಅನ್ನಿಸಿಲ್ಲ.

ಆದ್ದರಿಂದ ‘ಪಿಂಚಣಿ ಸಾಹಿತ್ಯ’ ಎಂದು ನಗುವವರಿಗೆ ನನ್ನ ಮಾತು: ನಗಬೇಡಿ, ಅಸೂಯೆಪಡಿ. ಅರವತ್ತರ ನಂತರ ಬೆಳಗಿನ ಎರಡು ಗಂಟೆಯನ್ನು ಏನೂ ಮಾಡದೆ ಕಳೆಯಬಲ್ಲ ಮಾಸ್ತರಿಕೆಯ ಕೆಲಸವೊಂದು ಈ ರಾಜ್ಯದಲ್ಲಿತ್ತು. ಹೋರಾಡಿ ಪಡೆದದ್ದು ಅದು. ನಮ್ಮ ಕಣ್ಣೆದುರಿಗೇ ಅದು ಹೋಗುತ್ತಿದೆ, ನಾವು ಅದರ ಗದ್ಯಶೈಲಿಯನ್ನು ಗೇಲಿ ಮಾಡುತ್ತ ಕೂತಿದ್ದೇವೆ. ಮೇಷ್ಟ್ರುಗಳಿಗೂ ಒಂದು ಮಾತು: ಕಡಿಮೆ ಸಾಕು ಎನ್ನಬೇಡಿ ಸಾರ್. ನಿಮಗೆ ಸಿಕ್ಕದ್ದು ಕಡಿಮೆಯಲ್ಲ, ಸಾಕಷ್ಟು. ನೀವು ‘ಕಡಿಮೆ ಸಾಕು’ ಎಂದದ್ದನ್ನು ಕೊಡುವವರು ಎಷ್ಟು ಬೇಗ ಕೇಳಿಸಿಕೊಳ್ಳುತ್ತಾರೆ ಗೊತ್ತೆ?

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2023ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಹೆಸರಿಗೆ ಅತಿಥಿ, ಕೆಲವರು ಹದಿನೈದು, ಇಪ್ಪತ್ತು ವರ್ಷದಿಂದ ಹಾಗೆಯೇ ಉಳಿದವರು. ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದರು. 2024ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು, ಅರವತ್ತು ತುಂಬಿ ನಿವೃತ್ತರಾಗುವವರಿಗೆ 5 ಲಕ್ಷ ರೂಪಾಯಿ ಇಡಿಗಂಟು ಎಂದಿತು. ಕಾಯಮಾತಿಯ ಮಾತು ಇಲ್ಲ. ಪಿಂಚಣಿಯ ಮಾತಂತೂ ಮೊದಲೇ ಇಲ್ಲ. ಪಿಎಚ್‌ಡಿ ಮುಗಿಸಿದ ಮೇಲೆ ನನ್ನ ಓರಗೆಯವರಲ್ಲಿ ಬಹಳ ಜನ ಸೇರುವುದು ಈ ಸಾಲಿಗೇ. ಬಹುಶಃ ನಾನೂ.

ಹೀಗೆ ಅತಿಥಿಯಾಗಿರುವ ಗೆಳತಿಯೊಬ್ಬಳು ಒಂದು ದಿನ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿ ಕಳಿಸಿದಳು. ಅರವತ್ತಕ್ಕೆ 5 ಲಕ್ಷ ಬಂತು ಅಂದುಕೋ. ಇಪ್ಪತ್ತು ವರ್ಷ ಬದುಕಿದೆ ಅಂದುಕೋ. 240 ತಿಂಗಳು. ಬಡ್ಡಿ ಬಿಟ್ಟರೆ ತಿಂಗಳಿಗೆ 2,083 ರೂಪಾಯಿ. ‘ಇದರಲ್ಲಿ ಸರಳ ಸುಖ ಪಡೋದು ಹೇಗೆ ಅಂತ ನಿಮ್ಮ ಮೇಷ್ಟ್ರನ್ನ ಕೇಳು’ ಎಂದು ಕೆಳಗೆ ಬರೆದಿದ್ದಳು. ಎರಡು ಊರಿನ ಎರಡು ಕಾಲೇಜುಗಳ ನಡುವೆ ಓಡಾಡುವ ಅವಳು ನಾನು ಕಂಡ ಒಳ್ಳೆಯ ಗದ್ಯ ಬರೆಯುವವರಲ್ಲಿ ಒಬ್ಬಳು. ಬೀರೂರಿನ ಬಸ್ ಸ್ಟ್ಯಾಂಡಿನಲ್ಲಿ ಮಳೆ ಹಿಡಿದ ಸಂಜೆ ಕುಡಿದ ಟೀ ಬಗ್ಗೆ ಅವಳು ಬರೆದ ನಾಲ್ಕು ಸಾಲು ಇನ್ನೂ ನನ್ನ ಫೋನಿನಲ್ಲಿವೆ. ಮುಂದಿನದನ್ನೂ ಬರಿ ಎಂದು ಎಷ್ಟೋ ಸಲ ಕೇಳಿದ್ದೇನೆ. ಅಷ್ಟರಲ್ಲಿ ಬಸ್ ಬಂತಂತೆ.