ಬಾಯಿ ತೆರೆಸಿದ ಮೇಲೆ ವಸಡನ್ನೂ ನೋಡಿ

“ಅಣ್ಣಾ, ಹಲ್ಲು ಅಲುಗಾಡಾಕತ್ತದ. ಗಟ್ಟಿ ಆಗಂಗ ಒಂದು ಗುಳಿಗಿ ಕೊಡ್ರಿ.” ತೆಲಂಗಾಣದ ಮಕ್ತಲದಲ್ಲಿರುವ ನನ್ನ ಮೆಡಿಕಲ್ ಅಂಗಡಿಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಅಂಥ ಗುಳಿಗೆ ಎಲ್ಲೂ ಇಲ್ಲ. ನೋವಿನ ಗುಳಿಗೆ ನೋವನ್ನು ಒಂದು ರಾತ್ರಿ ತಡೆದೀತು, ಲವಂಗದ ಎಣ್ಣೆ ಸ್ವಲ್ಪ ಹೊತ್ತು ಜೋಮು ಹಿಡಿಸೀತು. ಹಲ್ಲನ್ನು ಹಿಡಿದಿರುವ ಎಲುಬು ಒಳಗೊಳಗೇ ಸವೆಯುತ್ತಿರುವಾಗ ಇವೆರಡರಿಂದಲೂ ಆಗುವುದೇನಿಲ್ಲ.

ಈಚೆಗೆ ಗದ್ವಾಲ ಕಡೆಯ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ) ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಇನ್ನೂ ಮೂವತ್ತೈದರ ಒಳಗಿನ ವಯಸ್ಸು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಕಂದುಬಣ್ಣದ ಕಿಟ್ಟ ಎಷ್ಟು ದಪ್ಪಗೆ ಕಟ್ಟಿತ್ತೆಂದರೆ ಒಂದು ಹಲ್ಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ವಸಡು ಕೆಂಪಗೆ ಉಬ್ಬಿತ್ತು. ಎರಡನೇ ಬಸುರಿನಿಂದಲೂ ಹಲ್ಲುಜ್ಜಿದರೆ ರಕ್ತ ಬರುತ್ತಿದೆಯಂತೆ. “ಎಲ್ಲಾರಿಗೂ ಬರ್ತದಲ್ಲಣ್ಣಾ” ಅಂದಳು. ನನ್ನನ್ನು ಕಂಗೆಡಿಸಿದ್ದು ಈ ಮಾತೇ. ಕಣ್ಣಿನಲ್ಲಿ ರಕ್ತ ಬಂದರೆ ಆ ಹೊತ್ತಿಗೇ ಓಡುವ ನಾವು, ವಸಡಿನ ರಕ್ತವನ್ನು ವರ್ಷಗಟ್ಟಲೆ ಉಗುಳಿ ಸುಮ್ಮನಿರುತ್ತೇವೆ.

ಹಲ್ಲಿನ ಬುಡದಲ್ಲಿ ಕೂರುವ ಅಂಟು ಪೊರೆಯಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ದಿನವೂ ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಖನಿಜ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ; ಆಮೇಲೆ ಬ್ರಷ್‌ಗಾಗಲಿ ಬೇವಿನ ಕಡ್ಡಿಗಾಗಲಿ ಅದು ಜಗ್ಗದು. ಬರೀ ವಸಡು ಊದಿ ರಕ್ತ ಬರುವ ಹಂತದಲ್ಲಿ ಕ್ಲೀನಿಂಗ್ ಮಾಡಿಸಿ, ನಂತರ ಸರಿಯಾಗಿ ಉಜ್ಜಿಕೊಂಡರೆ ವಸಡು ಮೊದಲಿನಂತಾಗುತ್ತದೆ. ಅದನ್ನು ದಾಟಿದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಬೀಳುತ್ತದೆ, ಎಲುಬು ಕರಗತೊಡಗುತ್ತದೆ. ಹೋದ ಎಲುಬು ತಾನಾಗಿ ಬೆಳೆಯುವುದಿಲ್ಲ. ಇಷ್ಟಾದರೂ ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಬೀಡಿ ಸೇದುವವರಲ್ಲಂತೂ ರಕ್ತನಾಳ ಬಿಗಿದು ರಕ್ತವೂ ಕಡಿಮೆ ಕಾಣುತ್ತದೆ, ರೋಗ ಮಾತ್ರ ಒಳಗೆ ಜೋರಾಗಿಯೇ ನಡೆಯುತ್ತದೆ.

ನಮ್ಮವ್ವನನ್ನು ರಾಯಚೂರಿಗೆ ಕರೆದೊಯ್ದಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಗೆರೆ ಹಾಕಿದ ತೆಳ್ಳನೆಯ ಮೊಂಡು ಕಡ್ಡಿಯೊಂದನ್ನು ವಸಡಿನಂಚಿಗೆ ಇಳಿಸುತ್ತಾ ಡಾಕ್ಟರಮ್ಮ “ಮೂರು, ಐದು, ಆರು” ಎಂದು ಹೇಳುತ್ತಿದ್ದರು, ಜೊತೆಯ ಹುಡುಗಿ ಬರೆದುಕೊಳ್ಳುತ್ತಿದ್ದಳು. ಆ ಅಂಕಿಗಳು ಮಿಲಿಮೀಟರ್ ಲೆಕ್ಕ. ಮೂರರವರೆಗೆ ಚಿಂತೆಯಿಲ್ಲ; ಅದಕ್ಕಿಂತ ಆಳವಾದರೆ ಜೋಮಿನ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ, ಬೇರಿನವರೆಗೆ ಕಿಟ್ಟ ಕೆರೆದು ತೆಗೆಯುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಸಂದು ಆಗಲೂ ಮುಚ್ಚದಿದ್ದರೆ ವಸಡು ಬಿಡಿಸಿ ಶುದ್ಧಿ ಮಾಡಿ ಹೊಲಿಗೆ ಹಾಕುವ ಶಸ್ತ್ರಚಿಕಿತ್ಸೆಯಿದೆ. ಕೆಲವು ಗುಂಡಿಗಳಿಗೆ ಎಲುಬಿನ ಪುಡಿ ತುಂಬುವುದೂ ಉಂಟು. ಆ್ಯಂಟಿಬಯೋಟಿಕ್ ಇದಕ್ಕೆಲ್ಲ ಬದಲಿಯಲ್ಲ, ಬೇಕಿದ್ದಾಗ ಜೊತೆಗೆ ಕೊಡುವಂಥದ್ದು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಹಲ್ಲು ಮೊದಲೇ ಸಡಿಲಾಗಿರುತ್ತದೆ. ನಡುವೆ ತುಂಬಿದ್ದ ಕಿಟ್ಟ ಹೋದ ಮೇಲೆ ಸಂದು ನಾಲಿಗೆಗೆ ಸಿಗುತ್ತದೆ, ಅಷ್ಟೆ.

ರಾಯಚೂರಿನಲ್ಲಿ ನವೋದಯ, ಎಎಂಇ ಎಂದು ಎರಡು ದಂತ ಕಾಲೇಜುಗಳಿವೆ. ಈ ಕಡೆ ಮಹಬೂಬನಗರದಲ್ಲಿ ಎಸ್‌ವಿಎಸ್ ಇದೆ. ಎರಡು ಕಡೆಗೂ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಮಹಾಲಕ್ಷ್ಮಿ ಯೋಜನೆಯ ಉಚಿತ ಬಸ್ಸು ರಾಜ್ಯದ ಗಡಿಯವರೆಗೆ ಮಾತ್ರ, ಕೃಷ್ಣೆ ದಾಟಿ ಶಕ್ತಿನಗರದ ಕಡೆ ಹೋಗಬೇಕಾದರೆ ಟಿಕೆಟ್ ತೆಗೆಯಬೇಕು. ಗಂಭೀರ ಕಾಯಿಲೆಗೆ ದೂರ ಹೋಗಲಿ, ಒಪ್ಪುತ್ತೇನೆ. ಮಾಮೂಲಿ ಕ್ಲೀನಿಂಗ್‌ಗೂ ಹೋಗಬೇಕೇ? ನಾನು ಕಂಡ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಕುರ್ಚಿ ಇತ್ತು, ಕಿಟ್ಟ ತೆಗೆಯುವ ಯಂತ್ರ ಇರಲಿಲ್ಲ. ಹಲ್ಲು ಕೀಳುವುದಷ್ಟೇ ಅಲ್ಲಿ ನಡೆಯುತ್ತಿತ್ತು. ಪಕ್ಕದ ಕರ್ನಾಟಕ ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ಹಲ್ಲು ಉದುರುವ ಮುಂಚಿನ ವರ್ಷಗಳಿಗೂ ಸರ್ಕಾರ ದುಡ್ಡು ತೆಗೆದಿಡಬೇಕು.

ದೊಡ್ಡ ಯೋಜನೆಯೇನೂ ಬೇಕಿಲ್ಲ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಅಂದರೆ ಬಾಯಿ ತೆರೆಸುವ ವ್ಯವಸ್ಥೆ ಆಗಲೇ ಇದೆ. ಅದೇ ಹೊತ್ತಿಗೆ ವಸಡನ್ನೂ ನೋಡಿ, “ಉಜ್ಜಿದಾಗ ರಕ್ತ ಬರುತ್ತದೆಯೇ, ಹಲ್ಲು ಅಲುಗಾಡುತ್ತದೆಯೇ” ಎಂದು ಕೇಳಿ ಬರೆದುಕೊಳ್ಳಲಿ. ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ಮುಖ್ಯ: ಸಕ್ಕರೆ ಏರಿದರೆ ವಸಡು ಬೇಗ ಹಾಳಾಗುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ರಕ್ತ ಬರುವವರನ್ನು ಕಳಿಸಲು ಮಕ್ತಲ, ನಾರಾಯಣಪೇಟೆ, ಗದ್ವಾಲಗಳಲ್ಲಿ ವಾರಕ್ಕೊಂದು ಕ್ಲೀನಿಂಗ್ ದಿನ ಗೊತ್ತು ಮಾಡಲಿ. ಜೂರಾಲ ಅಣೆಕಟ್ಟಿನ ಆಸುಪಾಸಿನ ಊರುಗಳಿಗೆ ಶಿಬಿರ ಇಡುವುದಾದರೆ ಬೇಸಿಗೆಯಲ್ಲೇ ಇಡಲಿ. ಹತ್ತಿ ಕ್ರಾಸಿಂಗ್ ಶುರುವಾದ ಮೇಲೆ ಆ ಹೆಣ್ಣುಮಕ್ಕಳು ಕೂಲಿ ಬಿಟ್ಟು ಬರಲಾರರು.